ಬಾಯಾರಿದ ಕಾಗೆ: ಕಲ್ಲು ಹಾಕಿದರೆ ನೀರು ಮೇಲೆ ಬರುತ್ತದೆ, ಲೆಕ್ಕ ಗೊತ್ತಿದ್ದರೆ

ಈಸೋಪನ ಕಾಗೆಯ ಕತೆಯನ್ನು ಪಾತ್ರೆ, ಕಲ್ಲು, ನೀರು ಇಟ್ಟು ಮಕ್ಕಳೆದುರು ಮಾಡಿ ತೋರಿಸಬೇಕು ಎಂದಾಗ, "ಕತೆಯಲ್ಲಿ ಸರಿ, ಮಡಕೆಯಲ್ಲಿ ಆಗಲ್ಲ" ಅಂದವರೇ ಹೆಚ್ಚು. ಈಗ ನನ್ನ ಕೈಯಲ್ಲಿ ತಪ್ಪದೆ ಆಗುತ್ತದೆ. ಆಗದವರಲ್ಲಿ ಬಹುಪಾಲು ಜನ ಎಡವುವುದು ಒಂದೇ ಕಡೆ. ಶುರುವಿಗೆ ಹಾಕಿದ ನೀರು ಸಾಲುವುದಿಲ್ಲ.

ಕಲ್ಲಿನ ನಡುವಿನ ಸಂದಿಯೇ ನೀರು ನುಂಗುವುದು. ನುಣುಪಾದ ಹೊಳೆಗಲ್ಲು ತುಂಬಿದ ಜಾಗದಲ್ಲೂ ನೂರಕ್ಕೆ 40–45 ಪಾಲು ಸಂದಿ ಇರುತ್ತದೆ. ನೀರು ಅದಕ್ಕಿಂತ ತೀರಾ ಕಡಿಮೆಯಾದರೆ ಅರ್ಧದಲ್ಲೇ ಕಲ್ಲು ನೀರನ್ನು ದಾಟಿ ಮೇಲೇಳುತ್ತದೆ. ಆಮೇಲೆ ಎಷ್ಟು ಸುರಿದರೂ ನೀರು ಕದಲದು. ಕ್ರಿ.ಶ. 400ರ ಆಸುಪಾಸಿನ ಲ್ಯಾಟಿನ್ ಕವಿ ಏವಿಯಾನಸ್ ಇದೇ ಕತೆಯಲ್ಲಿ ಹೇಳುವುದು ದೊಡ್ಡ ಕೊಡ, ತಳದಲ್ಲಿ ತೀರಾ ಸ್ವಲ್ಪ ನೀರು ಎಂದು. ನಮ್ಮ ಪಠ್ಯಗಳ ಕಾಗೆಗೂ ಸಿಗುವುದು ಅಷ್ಟೇ ನೀರು. ಆ ಅಳತೆಯಲ್ಲಿ ಬರೀ ಬೆಣಚುಕಲ್ಲಿನಿಂದ ಏನೂ ಆಗದು.

ನನ್ನ ಅಳತೆ ಹೀಗಿದೆ: ನೇರ ಗೋಡೆಯ ಗಾಜಿನ ಜಾಡಿ, ಅಗಲ 10 ಸೆಂ.ಮೀ., ಎತ್ತರ 30. ನೀರು 12 ಸೆಂ.ಮೀ., ಅಂದರೆ 950 ಮಿ.ಲೀ. ಹತ್ತಿರ. ಎರಡು ಸೆಂ.ಮೀ. ಗಾತ್ರದ ಹೊಳೆಗಲ್ಲು ಎರಡೂಮುಕ್ಕಾಲು ಕೆ.ಜಿ. ಹೋಗುವಷ್ಟರಲ್ಲಿ ನೀರು 25ಕ್ಕೆ ಬಂದು ನಿಲ್ಲುತ್ತದೆ, ಕಲ್ಲು ಅದರ ಕೆಳಗೇ ಮುಳುಗಿರುತ್ತದೆ. ಬಾಯಿಂದ ಐದು ಸೆಂ.ಮೀ. ಕೆಳಗೆ ನೀರು, ಕಾಗೆಯ ಕೊಕ್ಕಿಗೆ ಅಷ್ಟು ಸಾಕು. ಮೊದಲ ಹಿಡಿ ಕಲ್ಲನ್ನು ಜಾಡಿ ಓರೆ ಮಾಡಿ ಜಾರಿಸಬೇಕು, ಇಲ್ಲದಿದ್ದರೆ ತಳ ಬಿರುಕು ಬಿಡುತ್ತದೆ.

ಮಡಕೆಯದೇ ಬೇರೆ ಕಾಟ. ಹೊಸ ಮಡಕೆ ನೀರು ಕುಡಿಯುತ್ತದೆ, ಹಿಂದಿನ ರಾತ್ರಿಯೇ ನೆನೆಸಿಡಬೇಕು. ಅದಕ್ಕಿಂತ ದೊಡ್ಡ ತೊಂದರೆ ಹೊಟ್ಟೆಯದು. ಕಿರಿದಾದ ಬಾಯಿಂದ ಬಿದ್ದ ಕಲ್ಲು ನಡುವೆ ಗುಡ್ಡೆಯಾಗಿ ಕೊರಳು ಮುಟ್ಟುತ್ತದೆ, ಸುತ್ತಲಿನ ಜಾಗ ಖಾಲಿಯೇ ಉಳಿಯುತ್ತದೆ. ಮಡಕೆ ಅಲ್ಲಾಡಿಸದೆ ಗುಡ್ಡೆಯನ್ನು ಹರಡುವ ಉಪಾಯ ಕಂಡುಕೊಂಡಿದ್ದೇನೆ, ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ.

ಖರ್ಚು ಹೆಚ್ಚಾಗುವುದು ಕಲ್ಲಿಗೆ. ಅಕ್ವೇರಿಯಂ ಕಲ್ಲು ಕೆ.ಜಿ.ಗೆ ನೂರು ರೂಪಾಯಿಯ ಹತ್ತಿರ. ಬಣ್ಣದ್ದು ತಂದರೆ ಬಣ್ಣ ಬಿಟ್ಟು ನೀರು ಕೆಡುತ್ತದೆ. ಮನೆ ಕಟ್ಟುವವರ ಮರಳು ರಾಶಿಯನ್ನು ಕೇಳಿ ಜರಡಿ ಹಿಡಿದರೆ ಅದೇ ಕಲ್ಲು ಪುಕ್ಕಟೆ. ಜಲ್ಲಿ ಬೇಡ, ಮೂಲೆ ಜಾಸ್ತಿ, ಸಂದಿಯೂ ಜಾಸ್ತಿ. ಜಂಬಿಟ್ಟಿಗೆ ಚೂರು ತಾನೇ ನೀರು ಹೀರುತ್ತದೆ.

ಹಕ್ಕಿಗೆ ಇದೆಲ್ಲ ತಿಳಿಯುತ್ತದೆಯೇ ಎಂದು ಕೇಳುವವರಿಗೆ: 2009ರಲ್ಲಿ ಬರ್ಡ್ ಮತ್ತು ಎಮರಿ ಎಂಬ ಸಂಶೋಧಕರು ಕಾಗೆಯ ಬಳಗದ ನಾಲ್ಕು ರೂಕ್ ಹಕ್ಕಿಗಳಿಗೆ ನೀರಿನ ಕೊಳವೆಯಲ್ಲಿ ತೇಲುವ ಹುಳು ಇಟ್ಟು ನೋಡಿದರು. ಅವು ಕಲ್ಲು ಹಾಕಿ ಹುಳು ತಿಂದವು, ದೊಡ್ಡ ಕಲ್ಲನ್ನೇ ಆರಿಸತೊಡಗಿದವು. 2014ರ ಪ್ರಯೋಗದಲ್ಲಿ ನ್ಯೂ ಕ್ಯಾಲೆಡೋನಿಯಾದ ಕಾಗೆಗಳು ತೇಲುವುದನ್ನು ಬಿಟ್ಟು ಮುಳುಗುವುದನ್ನು, ಟೊಳ್ಳನ್ನು ಬಿಟ್ಟು ಗಟ್ಟಿಯನ್ನು ಆರಿಸಿದವು. ಅಗಲದ ಕೊಳವೆಗಿಂತ ಕಿರಿದು ಲಾಭ ಎಂಬುದು ಮಾತ್ರ ಹೊಳೆಯಲಿಲ್ಲ. ಪಾತ್ರೆ ಆರಿಸುವಾಗ ನಾವು ಮೊದಲು ನೋಡಬೇಕಾದದ್ದು ಅದನ್ನೇ.

ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಒಂದು ನಾಯಿಯ ಬಗ್ಗೆ ಬರೆದಿದ್ದಾನೆ: ಹಡಗಿನಲ್ಲಿ ನಾವಿಕರಿಲ್ಲದಾಗ ಅದು ಅರೆ ತುಂಬಿದ ಎಣ್ಣೆ ಜಾಡಿಗೆ ಕಲ್ಲು ಹಾಕುತ್ತಿದ್ದುದನ್ನು ತಾನೇ ಕಂಡೆ ಎನ್ನುತ್ತಾನೆ. ಕಡಲೆಕಾಯಿ ಎಣ್ಣೆಯಲ್ಲಿ ಮಾಡಿದೆ, ಏರಿಕೆ ನೀರಿನಷ್ಟೇ. ಆದರೆ ಕಲ್ಲಿಗೆ ಅಂಟಿದ ಎಣ್ಣೆ ವಾಪಸ್ ಬರುವುದಿಲ್ಲ. ಇವತ್ತಿನ ದರದಲ್ಲಿ ಅದು ದುಬಾರಿ ಬಾಬತ್ತು.

ಏವಿಯಾನಸ್‌ನ ಕೊಡಕ್ಕೂ ಒಂದು ದಾರಿ ಇದೆ. ಮೊದಲು ದೊಡ್ಡ ಕಲ್ಲು, ಮೇಲೆ ಸಣ್ಣದು, ಕೊನೆಗೆ ದಪ್ಪ ಮರಳನ್ನು ಸಂದಿಗಿಳಿಸಿದರೆ ಕಾಲು ಪಾತ್ರೆ ನೀರಿನಲ್ಲೂ ಬಾಯಿಯ ಹತ್ತಿರ ಬರುತ್ತದೆ. ಮರಳನ್ನು ಮೂರು ನೀರಲ್ಲಿ ತೊಳೆದಿರಬೇಕು, ಇಲ್ಲದಿದ್ದರೆ ಮೇಲೆ ಬರುವುದು ಕೆಸರು.