ಐರ್ಲೆಂಡಿನ ಅಜ್ಜ-ಮುತ್ತಜ್ಜರನ್ನ ಹುಡುಕೋದು ಹೇಗೆ?

ಐರ್ಲೆಂಡಲ್ಲಿ ವಂಶ ಹುಡುಕೋಕೆ ಹೊರಟೋರಿಗೆ ಮೊದಲು ಕೇಳಿಸೋ ಮಾತು "ದಾಖಲೆ ಎಲ್ಲಾ ಸುಟ್ಟೋಯ್ತಲ್ಲ" ಅಂತ. ಸುಟ್ಟಿದ್ದು ನಿಜ. 1922ರ ಜೂನ್ 30ಕ್ಕೆ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್‌ನಲ್ಲಿದ್ದ ರೆಕಾರ್ಡ್ ಆಫೀಸ್ ಬೆಂಕಿಗೆ ಬಿತ್ತು, 1821ರಿಂದ 1851ರವರೆಗಿನ ಜನಗಣತಿ ಬಹುಪಾಲು ಬೂದಿ ಆಯ್ತು, 1861, 71ರದ್ದನ್ನ ಸರ್ಕಾರನೇ ಅದಕ್ಕೂ ಮುಂಚೆ ನಾಶ ಮಾಡಿತ್ತು, 81, 91ರದ್ದು ಮೊದಲ ಮಹಾಯುದ್ಧದ ಕಾಲಕ್ಕೆ ರದ್ದಿಗೆ ಹೋಯ್ತು. ಆದ್ರೂ ಕೈಬಿಡ್ಬೇಡಿ, ಉಳಿದಿರೋದೂ ಬೇಕಾದಷ್ಟಿದೆ, ಮುಖ್ಯವಾದದ್ದೆಲ್ಲ ಆನ್‌ಲೈನಲ್ಲಿ ಫ್ರೀ.

ಮೊದಲು ಮನೆ ಹಿರಿಯರನ್ನ ಕೇಳಿ. ಹೆಸರು, ಅಂದಾಜು ಇಸವಿ, ಕ್ಯಾಥೊಲಿಕ್ಕೋ ಪ್ರೊಟೆಸ್ಟೆಂಟೋ, ಎಲ್ಲಕ್ಕಿಂತ ಮುಖ್ಯವಾಗಿ ಟೌನ್‌ಲ್ಯಾಂಡ್ ಯಾವ್ದು ಅಂತ. ಹೆಸರಲ್ಲಿ ಟೌನ್ ಇದೆ ಅಷ್ಟೇ, ಅದು ಹೊಲಗದ್ದೆ ಸೇರಿದ ತುಂಡು ಜಾಗ, ಇಂಥವು 60,000ಕ್ಕೂ ಜಾಸ್ತಿ ಇವೆ. ಬರೀ "ಕಾರ್ಕ್‌ನ ಮರ್ಫಿ" ಅಂತ ಹುಡುಕಿದ್ರೆ ರಾಶಿ ರಾಶಿ ಮರ್ಫಿಗಳು ಬರ್ತಾರೆ.

ಆಮೇಲೆ ನ್ಯಾಷನಲ್ ಆರ್ಕೈವ್ಸ್ ಸೈಟಲ್ಲಿ 1901, 1911ರ ಜನಗಣತಿ ತೆಗೀರಿ. ಓ'ಸಲಿವನ್ ಸಿಗ್ಲಿಲ್ವಾ, 'ಓ' ಬಿಟ್ಟು ಸಲಿವನ್ ಅಂತ ಹುಡುಕಿ. ವಯಸ್ಸನ್ನ ಮಾತ್ರ ನಂಬ್ಬೇಡಿ! 1909ರಿಂದ 70 ವರ್ಷ ಆದೋರಿಗೆ ಪೆನ್ಷನ್ ಶುರುವಾಯ್ತು, ಹಾಗಾಗಿ ಹತ್ತು ವರ್ಷದ ಅಂತರದಲ್ಲಿ ಹದಿನೈದು ವರ್ಷ ದೊಡ್ಡೋರಾದವರು ತುಂಬಾ ಜನ ಸಿಗ್ತಾರೆ. 1911ರ ಫಾರಂನಲ್ಲಿ ಇನ್ನೊಂದು ಕಾಲಂ ಇದೆ, ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರೋದೆಷ್ಟು ಅಂತ. ಒಂಬತ್ತು, ಪಕ್ಕದಲ್ಲಿ ಐದು. ಕೆಳಗೆ ಅಪ್ಪನ ಸಹಿ ಜಾಗದಲ್ಲಿ ಒಂದು ಗೀಟು. ಇಂಥದ್ದು ಕಂಡ್ರೆ ನಂಗೆ ತಕ್ಷಣ ಮುಂದಿನ ಪೇಜಿಗೆ ಹೋಗೋಕೆ ಮನಸ್ಸೇ ಬರಲ್ಲ.

ತೀರಿಹೋದ ಆ ನಾಲ್ಕು ಮಕ್ಕಳ ಹೆಸರು ಬೇಕಂದ್ರೆ ಜನನ-ಮರಣ ನೋಂದಣಿಗೆ ಹೋಗ್ಬೇಕು. ಅದು ಎಲ್ಲರಿಗೂ ಶುರುವಾಗಿದ್ದು 1864ರಲ್ಲಿ. ಲೇಟಾಗಿ ಬರೆಸಿದ್ರೆ ದಂಡ ಇತ್ತು, ಅದಕ್ಕೇ ಹುಟ್ಟಿದ ದಿನ ಮುಂದೆ ಹಾಕಿಸ್ತಿದ್ರು, ಚರ್ಚಲ್ಲಿ ದೀಕ್ಷಾಸ್ನಾನ ಆಗಿ ವಾರ ಕಳೆದ್ಮೇಲೆ ಮಗು ಹುಟ್ಟಿದ ಹಾಗೆ ರಿಜಿಸ್ಟರಲ್ಲಿ ಕಂಡ್ರೆ ಗಾಬರಿ ಬೀಳ್ಬೇಡಿ.

1864ಕ್ಕಿಂತ ಹಿಂದೆ ಹೋಗೋಕೆ ಚರ್ಚ್ ರಿಜಿಸ್ಟರೇ ಗತಿ. ಕ್ಯಾಥೊಲಿಕ್ ರಿಜಿಸ್ಟರ್‌ಗಳ ಫೋಟೋಗಳನ್ನ ನ್ಯಾಷನಲ್ ಲೈಬ್ರರಿ ಆನ್‌ಲೈನಲ್ಲಿ ಹಾಕಿದೆ. ಲ್ಯಾಟಿನ್‌ನಲ್ಲಿರೋ ಯಾಕೋಬುಸ್ ಅಂದ್ರೆ ಜೇಮ್ಸ್, ಗುಲಿಯೆಲ್ಮುಸ್ ಅಂದ್ರೆ ವಿಲಿಯಂ. ದೊಡ್ಡ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡೋ ಪದ್ಧತಿ ಇತ್ತು, ನಮ್ಮಲ್ಲಿ ತಾತನ ಹೆಸರಿಡೋ ಹಾಗೇ, ಇದು ಒಳ್ಳೆ ಸುಳಿವು.

ಕೊನೆಗೆ ಗ್ರಿಫಿತ್ಸ್ ವ್ಯಾಲ್ಯುಯೇಷನ್, 1847ರಿಂದ 1864ರವರೆಗಿನ ಜಮೀನು ಲೆಕ್ಕ. ಆಲೂಗಡ್ಡೆ ಬೆಳೆ ಕೈಕೊಟ್ಟು ಬಂದ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತು, ಅಷ್ಟೇ ಜನ ದೇಶ ಬಿಟ್ಟು ಹಡಗು ಹತ್ತಿದ ಕಾಲ ಅದು. ಗೇಣಿದಾರನ ಹೆಸರಿನ ಜೊತೆ ಮ್ಯಾಪ್ ನಂಬರ್ ಇರುತ್ತೆ, ಅದನ್ನ ಬರ್ಕೊಂಡು ಹಳೇ ಮ್ಯಾಪನ್ನ ಈಗಿನ ಮ್ಯಾಪ್ ಪಕ್ಕ ಇಟ್ಟು ನೋಡಿ, ನಿಮ್ಮ ಮುತ್ತಜ್ಜ ಆಲೂಗಡ್ಡೆ ಬೆಳೀತಿದ್ದ ಹೊಲ ಯಾವ್ದು ಅಂತ ಬೆರಳಿಟ್ಟು ತೋರಿಸಬಹುದು.