ಪುಲಿಗೆ ಅರ್ಧ ದಿನ, ಬಿಸಿಗೆ ಎಂಟು ತಿಂಗಳು

ನನ್ನ ಕಾರಿನ ಬ್ಲೋವರ್‌ನ ಹಳೇ ಎಣ್ಣೆ ಬಸಿದ ದಿನ ಮೇಲಿನ ಮನೆಯವರು ಕಿಟಕಿ ಮುಚ್ಚಿಕೊಂಡರು. ಬ್ಲೋವರ್ ಅಂದರೆ ಸೂಪರ್‌ಚಾರ್ಜರ್, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು. ಅದರ ಗೇರುಗಳಿಗೆ ಬೇರೆಯೇ ಎಣ್ಣೆ ಇರುತ್ತದೆ, ಎಂಜಿನ್ ಆಯಿಲ್‌ಗೂ ಅದಕ್ಕೂ ಸಂಬಂಧವಿಲ್ಲ. ಒಂದು ಟೀ ಗ್ಲಾಸಿನಷ್ಟು ಬಂತು, ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆ. ಹದಿನೈದು ವರ್ಷ ಯಾರೂ ಮುಟ್ಟಿರಲಿಲ್ಲ ಅನಿಸುತ್ತದೆ. ಪವರ್ ಹೆಚ್ಚಿಸುವ ಮಾತು ಆಮೇಲೆ, ಮೊದಲು ಇದನ್ನು ಬದಲಿಸಿ.

ಗಾಡಿ 2006ರ ಮರ್ಸಿಡಿಸ್ ಸಿ200 ಕೊಂಪ್ರೆಸರ್. ನಾನಿರುವುದು ಪುಣೆಯ ನಿಗಡಿಯಲ್ಲಿ, ಗಾಡಿ ಜೋಡಿಸಿದ್ದು ಪಕ್ಕದ ಪಿಂಪ್ರಿಯಲ್ಲಿ. 1,796 ಸಿಸಿ, ಕಂಪನಿ ಲೆಕ್ಕಕ್ಕೆ 163 ಕುದುರೆ. ಟರ್ಬೊ ಆದರೆ ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗುತ್ತದೆ. ಇದನ್ನು ಎಂಜಿನ್ನೇ ಬೆಲ್ಟ್ ಹಾಕಿ ತಿರುಗಿಸುತ್ತದೆ. ಹಾಗಾಗಿ ಪವರ್‌ಗೆ ಸುಲಭದ ದಾರಿ ಅಂದರೆ ಬ್ಲೋವರ್ ಮೇಲಿನ ಪುಲಿ, ಅಂದರೆ ಬೆಲ್ಟ್ ಸುತ್ತುವ ಗಾಲಿ, ಚಿಕ್ಕದು ಮಾಡುವುದು. ನಾನು ಶೇ 12ರಷ್ಟು ಚಿಕ್ಕದು ಮಾಡಿಸಿದೆ. ಬ್ಲೋವರ್ ಸುಮಾರು ಶೇ 13.6 ಜಾಸ್ತಿ ವೇಗದಲ್ಲಿ ತಿರುಗತೊಡಗಿತು.

ಭೋಸರಿಯ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಅಂಗಡಿ ಇಟ್ಟಿರುವ ಅಣ್ಣ ಅಕ್ಕಲಕೋಟೆಯವರು. ಲೆಕ್ಕ ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ. ಪುಲಿಯಲ್ಲಿ ಬೆಲ್ಟ್ ಕೂರುವ ಗೀರುಗಳ ಅಂತರ 3.5 ಮಿಮೀ ಅಂತ ನಾನೇ ಅಳೆದು ಚೀಟಿ ಬರೆದುಕೊಟ್ಟೆ. ಇನ್ನೂರು ಕಿಲೋಮೀಟರಿಗೆ ಬೆಲ್ಟಿನ ಅಂಚು ನಾರುನಾರಾಗಿ ಎದ್ದಿತ್ತು, ಬಾನೆಟ್ ಒಳಗೆಲ್ಲ ಕಪ್ಪು ಪುಡಿ.

"ಅಣ್ಣಾ, ನಿಮ್ಮ ಪುಲಿ ಬೆಲ್ಟ್ ತಿಂತು."

"ನನ್ನ ಪುಲಿ ಅಲ್ರೀ ಸಾಹೇಬ್ರ, ನಿಮ್ಮ ಚೀಟಿ ತಿಂತು."

ಗೋಡೆಯ ಮೊಳೆಗೆ ಸಿಗಿಸಿದ್ದ ಚೀಟಿಯನ್ನೇ ತೆಗೆದು ತೋರಿಸಿದರು. ಈ ಜಾತಿಯ ಬೆಲ್ಟಿಗೆ ಇರಬೇಕಾದ್ದು 3.56. ಆರು ಗೀರು, ನಡುವೆ ಐದು ಅಂತರ, ಕೊನೆಗೆ 0.3 ಮಿಮೀ ತಪ್ಪು. ಅಷ್ಟು ಸಾಕು. ಎರಡನೇ ಪುಲಿ ಸರಿಯಾಗಿ ಬಂತು, ಕೂರಿಸಲು ಅರ್ಧ ದಿನ ಹಿಡಿಯಿತು. ಬೆಲ್ಟ್ ಕೂಡ ಸ್ವಲ್ಪ ಗಿಡ್ಡದು ಬೇಕಾಯಿತು.

ಪವರ್ ಅಳೆಯುವ ಯಂತ್ರ, ಡೈನೋ ಮೇಲೆ ಹತ್ತಿಸಿದೆವು. ಮೊದಲು ಚಕ್ರದಲ್ಲಿ 132 ಕುದುರೆ ಇತ್ತು. ಈಗ 149! ನಾನು ಫೋನ್ ತೆಗೆದು ಫೋಟೋ ಹೊಡೆಯುವಷ್ಟರಲ್ಲಿ ಎರಡನೇ ಓಟ 143. ಮೂರನೆಯದು 136. ಡೈನೋ ನಡೆಸುವ ಹುಡುಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಕಾರಣ ಬಿಸಿ. ಈ ಹಳೇ ರೂಟ್ಸ್ ಮಾದರಿಯ ಬ್ಲೋವರ್ ಗಾಳಿ ಒತ್ತುವುದಕ್ಕಿಂತ ಕಾಯಿಸುವುದೇ ಜಾಸ್ತಿ. ಹೊರಗೆ 38 ಡಿಗ್ರಿ ಇರುವ ದಿನ ಒತ್ತಡ ಒಂದೂವರೆ ಪಟ್ಟು ಮಾಡಿದರೆ, ಬ್ಲೋವರಿನಿಂದ ಗಾಳಿ 110 ಡಿಗ್ರಿ ಹತ್ತಿರ ಹೊರಬೀಳುತ್ತದೆ. 1.65 ಪಟ್ಟು ಮಾಡಿದರೆ 125. ಬಿಸಿ ಗಾಳಿಯಿಂದ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ, ಎಂಜಿನ್ ಕುಟ್ಟತೊಡಗುತ್ತದೆ. ಅದು ಕೇಳಿಸಿದ ಕೂಡಲೇ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಕಿಡಿಯನ್ನು ತಡಮಾಡುತ್ತದೆ. ದುಡ್ಡು ಕೊಟ್ಟು ತಂದ ಪವರ್ ಅಲ್ಲೇ ಹೋಯಿತು. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಗಾಳಿ ಮೊದಲೇ ತೆಳು. ಮುಂಬೈಗೆ ಇಳಿದಾಗ ಇದೇ ಗಾಡಿ ಹುರುಪಾಗಿ ಓಡುವುದು ಸುಮ್ನೆ ಅಲ್ಲ.

ಮೇ ತಿಂಗಳಲ್ಲಿ ಧಾರವಾಡಕ್ಕೆ ಹೊರಟೆವು. ಗಾಳಿ ಎಂಜಿನ್ ಒಳಗೆ ಹೋಗುವ ಜಾಗದ (ಇಂಟೇಕ್ ಮ್ಯಾನಿಫೋಲ್ಡ್) ಹತ್ತಿರ ಬಿಸಿ ಅಳೆಯುವ ಒಂದು ಸೆನ್ಸರ್ ಕೂರಿಸಿದ್ದೆ. ಖಂಬಾಟಕಿ ಘಾಟಿನ ಬುಡದಲ್ಲಿ 58 ಡಿಗ್ರಿ. ಲಾರಿಗಳ ಹಿಂದೆ ತೆವಳಿ ಅರ್ಧ ಹತ್ತುವಾಗ 81. "ಎಸಿ ಆರಿಸು" ಅಂದೆ. "ಇದಕ್ಕಾ ಇಷ್ಟು ಖರ್ಚು ಮಾಡಿದ್ದು?" ಅಂದಳು ಹೆಂಡತಿ. ಉತ್ತರ ಇರಲಿಲ್ಲ.

ಮುಂದಿನ ಎಂಟು ತಿಂಗಳು ಬರೀ ಇದೇ ಕೆಲಸ. ಬ್ಲೋವರಿನ ಬಿಸಿ ಗಾಳಿಯನ್ನು ತಣಿಸುವ ದಪ್ಪ ಅಲ್ಯುಮಿನಿಯಂ ಇಂಟರ್‌ಕೂಲರ್ ತಂದು, ಅದೇ ಭೋಸರಿಯಲ್ಲಿ ಎರಡೂ ಬದಿಗೆ ಡಬ್ಬಿ ವೆಲ್ಡ್ ಮಾಡಿಸಿದೆ. ಹಾಕಿದರೂ ಹತ್ತು ಡಿಗ್ರಿ ಕೂಡ ಇಳಿಯಲಿಲ್ಲ. ಬಂಪರಿನಿಂದ ಬಂದ ಗಾಳಿ ಇಂಟರ್‌ಕೂಲರ್ ಒಳಗೆ ಹೋಗದೆ ಅಕ್ಕಪಕ್ಕದ ಸಂದಿಯಲ್ಲಿ ನುಸುಳಿ ಹೋಗುತ್ತಿತ್ತು. ಹಾಳೆ ಕತ್ತರಿಸಿ, ಫೋಮ್ ಅಂಟಿಸಿ ಸಂದಿ ಮುಚ್ಚಿದೆ. ನಾಲ್ಕು ನೂರು ರೂಪಾಯಿ ಖರ್ಚು, ಇನ್ನೂ ಹದಿನಾಲ್ಕು ಡಿಗ್ರಿ ಇಳಿಯಿತು. ಇಡೀ ಕೆಲಸದಲ್ಲಿ ನನಗೆ ಹೆಮ್ಮೆ ಇರುವುದು ಈ ಫೋಮಿನ ಬಗ್ಗೆಯೇ.

ಒಂದು ಹಂತ ತಂಪಿನ ಸ್ಪಾರ್ಕ್ ಪ್ಲಗ್, ಬಿರುಕು ಬಿಟ್ಟಿದ್ದ ಬ್ರೀದರ್ ಪೈಪಿಗೆ ಬದಲಿ, ಆಮೇಲೆ ಹೊಸ ಮ್ಯಾಪ್, ಅಂದರೆ ಇಸಿಯು ಕಿಡಿ, ಪೆಟ್ರೋಲ್ ಹೊಂದಿಸುವ ಲೆಕ್ಕ. ಮ್ಯಾಪ್ ಮಾಡುವವನು 100 ಆಕ್ಟೇನ್ ಪೆಟ್ರೋಲಿಗೆ ಹೊಂದಿಸೋಣ ಅಂದ; ಆಕ್ಟೇನ್ ಹೆಚ್ಚಿದ್ದಷ್ಟೂ ಎಂಜಿನ್ ಕುಟ್ಟುವುದು ಕಡಿಮೆ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100 ಪುಣೆಗೆ 2020ರ ಡಿಸೆಂಬರಿನಲ್ಲೇ ಬಂದಿದೆ, ನಿಜ. ಆದರೆ ಊರಿನ ದಾರಿಯಲ್ಲಿ ಅದನ್ನು ಎಲ್ಲಿ ಹುಡುಕಲಿ? 95ಕ್ಕೇ ಮಾಡಿಸಿದೆ. ಡೈನೋದಲ್ಲಿ ಸತತ ಮೂರು ಓಟ: 158, 157, 155. ಆ ಮೂರನೇ ಅಂಕಿ ನೋಡಿ ಕುಶಿಯಾಯಿತು.

ಒಂದು ಮಾತು ಮುಚ್ಚಿಡಲಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗೆ ಅಡ್ಡ ಬರುತ್ತದೆ, ನಾಳೆ ಅಪಘಾತವಾದರೆ ಇನ್ಶೂರೆನ್ಸ್‌ನವರು ಕೈ ಎತ್ತಬಹುದು. ಯಾರಾದರೂ ನನ್ನನ್ನು ಕೇಳಿದರೆ ಮೊದಲು ಇದನ್ನೇ ಹೇಳುತ್ತೇನೆ.

ಇನ್ನು ಟೈಮಿಂಗ್ ಚೈನ್, ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಸರಪಳಿ. ಈ ಎಂಜಿನ್ನಿನ ಹಳೇ ಕಾಯಿಲೆ ಅದು, ಜಗ್ಗಿಕೊಳ್ಳುತ್ತದೆ. ಪುಲಿಗಿಂತ ಮೊದಲೇ ಬದಲಿಸಬೇಕಿತ್ತು, ಆಸೆ ಬಿಡಲಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಕಟಕಟ ಅನ್ನುತ್ತಿದೆ. ಹೊಸ ಚೈನ್ ಬಂದಿದೆ, ಡಬ್ಬಿ ಮಂಚದ ಕೆಳಗಿದೆ. ಭಾನುವಾರ ಬಿಚ್ಚಬೇಕು.