ಕಡಿವಾಣವನ್ನು ಎಲ್ಲಿ ಹಾಕಬೇಕು: ಸುದ್ದಿಮೇಜಿನ ಅನುಭವ

ವಿಜಯಪುರದಲ್ಲಿ ಪತ್ರಿಕೆಯೊಂದರ ಜಿಲ್ಲಾ ಪುಟಗಳಿಗೆ ಶೀರ್ಷಿಕೆ ಕೊಡುವ ಕೆಲಸದಲ್ಲಿ ನನಗೆ ಅತಿ ಹೆಚ್ಚು ಎದುರಾದ ಪದ ‘ಕಡಿವಾಣ’. ಮರಳು ಸಾಗಣೆಗೂ ಕಡಿವಾಣ, ಬಾಲ್ಯವಿವಾಹಕ್ಕೂ ಕಡಿವಾಣ, ಬೆಲೆ ಏರಿಕೆಗೂ ಕಡಿವಾಣ. ನಾಲ್ಕೇ ಅಕ್ಷರದ ಈ ಪದ ಕಿರಿದಾದ ಕಾಲಂನಲ್ಲಿ ಸಲೀಸಾಗಿ ಕೂಡುತ್ತದೆ ಎಂಬುದೂ ಅದರ ಜನಪ್ರಿಯತೆಗೆ ಒಂದು ಕಾರಣವಿರಬೇಕು. ಅದನ್ನು ಎಲ್ಲಿ ಉಳಿಸಬೇಕು, ಎಲ್ಲಿ ತೆಗೆಯಬೇಕು ಎಂಬುದಕ್ಕೆ ನಿಘಂಟಿಗಿಂತ ಕುದುರೆಯ ಬಾಯಿಯೇ ನನಗೆ ಹೆಚ್ಚು ನೆರವಾಯಿತು.

ಕಡಿವಾಣವೆಂದರೆ ಕುದುರೆಯ ಬಾಯೊಳಗೆ ಇಡುವ ಲೋಹದ ಸಲಾಕೆ. ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಇರುವ ತೆರವಿನಲ್ಲಿ, ಮೆತ್ತಗಿನ ವಸಡಿನ ಮೇಲೆ ಅದು ಕೂಡುತ್ತದೆ. ಆದ್ದರಿಂದಲೇ ಕೈಬೆರಳಿನ ಸಣ್ಣ ಎಳೆತವೂ ಪ್ರಾಣಿಗೆ ತಿಳಿಯುತ್ತದೆ. ಅದರ ಎರಡೂ ತುದಿಗಳಿಂದ ಸವಾರನ ಕೈಗೆ ಬರುವ ಪಟ್ಟಿಯನ್ನು ನಾವು ಲಗಾಮು ಎನ್ನುತ್ತೇವೆ. ಹಳೆಯ ಕನ್ನಡದಲ್ಲಿ ಅದು ವಾಘೆ. ಜೀನು, ರಿಕಾಬುಗಳಂತೆ ಲಗಾಮು ಕೂಡ ಪಾರಸಿಯಿಂದ ಬಂದ ಪದ. 1686ರವರೆಗೆ ಆದಿಲ್‌ಶಾಹಿಗಳ ರಾಜಧಾನಿಯಾಗಿದ್ದ ಈ ಊರಿನಲ್ಲಿ ಅದನ್ನು ಪರಕೀಯವೆಂದು ಬಗೆಯುವವರಿಲ್ಲ. ಗೋಳಗುಮ್ಮಟದ ಬಳಿ ಟಾಂಗಾ ಹೊಡೆಯುವ ಹಿರಿಯರೊಬ್ಬರನ್ನು ಈ ಕುರಿತು ಕೇಳಿದಾಗ, “ಬರೇ ಎಳದ್ರ ಕುದರಿ ಬಾಯಿ ಕಲ್ಲಾಗತೈತ್ರಿ ಸರ, ಎಳದ ಕೂಡ್ಲೆ ಬಿಡೂದೂ ಬರಬೇಕು” ಎಂದರು. ಬಿಡದೆ ಎಳೆಯುತ್ತಲೇ ಹೋದರೆ ಬಾಯಿ ಮರಗಟ್ಟಿ, ಕುದುರೆ ಲಗಾಮನ್ನು ಲೆಕ್ಕಿಸದಂತಾಗುತ್ತದೆ ಎಂಬುದು ಅವರ ಮಾತಿನ ಅರ್ಥ.

ಇದರಿಂದ ನನಗೊಂದು ಒರೆಗಲ್ಲು ಸಿಕ್ಕಿತು. ಕಡಿವಾಣ ಹಾಕುವುದು ಕುದುರೆ ಓಡಬಾರದೆಂದಲ್ಲ, ಹೇಳಿದಂತೆ ಓಡಲೆಂದು. ಆದ್ದರಿಂದ ಮುಂದೆಯೂ ನಡೆಯಬೇಕಾದ, ಆದರೆ ಮಿತಿ ಮೀರಿರುವ ಸಂಗತಿಗಳಿಗೆ ಮಾತ್ರ ಆ ಪದವನ್ನು ಉಳಿಸತೊಡಗಿದೆ: ಖರ್ಚು, ವೇಗ, ಖಾಸಗಿ ಶಾಲೆಗಳ ಶುಲ್ಕ, ನಾಲಿಗೆ. ‘ಬಾಯಿಗೆ ಲಗಾಮಿಲ್ಲ’ ಎಂಬ ನಮ್ಮ ಆಡುಮಾತು ಇಲ್ಲಿ ಎಷ್ಟು ಖಚಿತವಾಗಿದೆ ಎಂಬುದನ್ನು ಗಮನಿಸಬೇಕು; ಮಾತೇ ನಿಲ್ಲಲಿ ಎಂದು ಅದು ಹೇಳುವುದಿಲ್ಲ. ಬಾಲ್ಯವಿವಾಹ ಹಾಗಲ್ಲ. ಅದು ಹದವಾಗಿ ನಡೆಯಲಿ ಎಂದು ಯಾರೂ ಬಯಸುವುದಿಲ್ಲ, 2006ರ ಕಾಯ್ದೆಯ ಹೆಸರಿನಲ್ಲಿಯೇ ‘ನಿಷೇಧ’ ಎಂದಿದೆ. ಅಲ್ಲಿ ‘ತಡೆ’ ಎಂದು ತಿದ್ದುತ್ತೇನೆ. ಭೀಮಾ ತೀರದ ಅಕ್ರಮ ಮರಳು ಸಾಗಣೆಗೂ ಇದೇ ನ್ಯಾಯ.

ಕ್ರಿಯಾಪದದ ಕಡೆಗೂ ಗಮನ ಬೇಕಾಯಿತು. ನಿಯಮ ಮೊದಲೇ ಇದ್ದು ಅದನ್ನು ಚುರುಕುಗೊಳಿಸಿದ್ದರೆ ಕಡಿವಾಣ ‘ಹಾಕಿದರು’ ಎನ್ನುವುದಿಲ್ಲ, ಲಗಾಮು ‘ಬಿಗಿಗೊಳಿಸಿದರು’ ಎನ್ನುತ್ತೇನೆ. ಅಧಿಕಾರ ಕೈ ಬದಲಿಸಿದ ಸುದ್ದಿಗೆ ದೋಣಿಯ ‘ಚುಕ್ಕಾಣಿ’ ರೂಢಿಯಲ್ಲಿರುವುದರಿಂದ ಲಗಾಮಿನ ಗೊಡವೆಗೆ ಹೋಗುವುದಿಲ್ಲ. ಎತ್ತಿನ ‘ಮೂಗುದಾರ’ದ ವಿಷಯದಲ್ಲಿ ಮಾತ್ರ ನಾನು ಬಹಳ ಎಚ್ಚರ ವಹಿಸುತ್ತೇನೆ. ನಮ್ಮ ಕಡೆ ಅಂಡಲೆಯುವ ಹುಡುಗನಿಗೆ ಮದುವೆ ಮಾಡುವುದನ್ನು ನಗೆಯಾಡುತ್ತ ‘ಮೂಗುದಾರ ಹಾಕೂದು’ ಎನ್ನುತ್ತಾರೆ. ಅಧಿಕಾರಿಗಳ ಬಗೆಗಿನ ಗಂಭೀರ ವರದಿಯಲ್ಲಿ ಆ ನಗು ನುಸುಳಿದರೆ ಸುದ್ದಿಯ ತೂಕ ಇಳಿಯುತ್ತದೆ.

ಇನ್ನೊಂದು ತೊಡಕು ಒರೆಗಲ್ಲಿಗೂ ಸಿಕ್ಕುವುದಿಲ್ಲ. ಕಡಿವಾಣ ಎಂದೊಡನೆ ಓದುಗ ಜೀನಿನ ಮೇಲೆ ಕುಳಿತವನ ಪಕ್ಷ ಸೇರುತ್ತಾನೆ. ಎಳೆಯುವ ಕೈ ವಿವೇಕದ್ದು, ಎಳೆಸಿಕೊಳ್ಳುವ ಬಾಯಿ ಉಡಾಳತನದ್ದು ಎಂಬ ತೀರ್ಪು ಪದದೊಳಗೇ ಅಡಗಿದೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತನ್ನು ನಿಷೇಧಿಸಿದ ಸುದ್ದಿಗೆ ‘ಈರುಳ್ಳಿ ಬೆಲೆಗೆ ಕಡಿವಾಣ’ ಎಂಬ ಶೀರ್ಷಿಕೆ ಒರೆಗೆ ಹಚ್ಚಿದರೆ ನಿಲ್ಲುತ್ತದೆ: ಬೆಲೆ ಇರಲೇಬೇಕು, ಏರಬಾರದು ಅಷ್ಟೇ. ಕೊಳ್ಳುವವರಿಗೆ ಅದು ಹಿತವಾದ ಸುದ್ದಿಯೂ ಹೌದು. ಆದರೆ ನಮ್ಮ ಪುಟವನ್ನು ಈರುಳ್ಳಿ ಬೆಳೆಯುವವರೂ ಓದುತ್ತಾರೆ, ಮತ್ತು ಆ ದರವೇ ಅವರ ವರ್ಷದ ಆದಾಯ. ಹೀಗಾಗಿ ಸವಾರಿಯ ಭಾಷೆಯನ್ನೇ ಬಿಟ್ಟು, ‘ಈರುಳ್ಳಿ ರಫ್ತು ಮಾರ್ಚ್ 31ರವರೆಗೆ ಬಂದ್’ ಎಂಬ ಶೀರ್ಷಿಕೆಯನ್ನು ಆರಿಸಿಕೊಂಡೆ.